22 ಗೇಜಿನ ತಗಡು

ಹೈದರಾಬಾದಿನಿಂದ ಪುಣೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದ್ ದಾಟಿ ಸಸ್ತಾಪುರ ಬಂಗ್ಲಾ ಮುಟ್ಟುವಷ್ಟರಲ್ಲಿ ಗಾಳಿಯ ವಾಸನೆಯೇ ಬೇರೆಯಾಗಿರುತ್ತದೆ. ಕಾದ ಕಬ್ಬಿಣ, ಸುಟ್ಟ ಬಣ್ಣ, ಡೀಸೆಲ್. ಬಸವಕಲ್ಯಾಣದ ಆಟೋ ನಗರ ಇದೇ. ಬರೀ ಚಾಸಿಯಾಗಿ ಬಂದ ಲಾರಿ ಇಲ್ಲಿಂದ ಹೊರಡುವಾಗ ಮೈತುಂಬ ಬಾಡಿ ಕಟ್ಟಿಸಿಕೊಂಡು, ಬಣ್ಣ ಬಳಿಸಿಕೊಂಡು, ಹಿಂದೆ ಎರಡು ಸಾಲು ಶಾಯರಿಯನ್ನೂ ಬರೆಸಿಕೊಂಡಿರುತ್ತದೆ. ಏಷ್ಯಾದಲ್ಲೇ ಇಂಥದ್ದು ಇನ್ನೊಂದಿಲ್ಲ ಅಂತ ನಮ್ಮ ಕಡೆಯವರು ಹೇಳುತ್ತಾರೆ. ನಾನು ಏಷ್ಯಾ ನೋಡಿದವನಲ್ಲ, ಒಪ್ಪಿಕೊಂಡಿದ್ದೇನೆ.

ಇಷ್ಟು ವೆಲ್ಡರುಗಳನ್ನು ಪಕ್ಕದಲ್ಲಿಟ್ಟುಕೊಂಡು ಹುಮನಾಬಾದಿನ ನಮ್ಮ ಅಂಗಳದಲ್ಲಿ ನಾನೇ ಹಳೇ ಮಾರುತಿ 800ರ ಕೆಳಗೆ ಮಲಗಿದ್ದನ್ನು ಕಂಡವರಿಗೆಲ್ಲ ಒಂದೇ ಪ್ರಶ್ನೆ: ಇದು ಯಾಕ್ರೀ ಸರ್? ಉಳಿತಾಯ ಅಂದುಕೊಂಡರೆ ತಪ್ಪು. ಮಷಿನ್ನು, ಗ್ರೈಂಡರು, ಕಪ್ಪು ಗಾಜಿನ ಮುಖವಾಡ, ಕೈಗವಸು ಎಲ್ಲ ಕೂಡಿಸಿದರೆ ಆ ಕಾರಿಗೆ ಈಗ ಯಾರೂ ಅಷ್ಟು ಕೊಡಲಾರರು. ಕಾರಣ ಏನೆಂದರೆ, ಆಟೋ ನಗರದ ಒಬ್ಬ ಉಸ್ತಾದರ ಬಳಿ ಅದನ್ನು ಒಯ್ದಿದ್ದೆ. ಅವರು ಕೂತು, ಬಾಗಿಲ ಕೆಳಗೆ ಸ್ಕ್ರೂಡ್ರೈವರಿನಿಂದ ಚುಚ್ಚಿದರು. ಅದು ಹಿಡಿಕೆವರೆಗೂ ಒಳಹೋಯಿತು. "ಇದು ಪತ್ರಾ ಅಲ್ರಿ ಸರ್, ಹಪ್ಪಳ. ನಮ್ಮ ಕೈ ದಪ್ಪ ಕೆಲಸದ್ದು" ಅಂದು ಎದ್ದರು. ಊರಿನ ಡೆಂಟರುಗಳು ಇಷ್ಟು ಬಿಗಿ ಮಾಡಲಿಲ್ಲ. ಮೇಲೊಂದು ತಗಡು ಅಂಟಿಸಿ, ಪುಟ್ಟಿ ತುಂಬಿ, ಬಣ್ಣ ಹೊಡೆದು ಸಂಜೆಗೇ ಕೊಡುತ್ತೇವೆ ಅಂದರು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ. ಪುಟ್ಟಿಗೆ ಅದು ಹಿಡಿಯುವುದಿಲ್ಲ.

ನಮ್ಮದು ಒಣ ಸೀಮೆ. ಇಲ್ಲಿ ಹುಟ್ಟಿ ಬೆಳೆದ ಕಾರಿಗೆ ಇಷ್ಟು ಜಂಗು ಹಿಡಿಯುವುದಿಲ್ಲ. ಇದು ಕೊಂಕಣದ ಕಡಲಂಚಿನಲ್ಲಿ ಸುಮಾರು ವರ್ಷ ಓಡಿ, ಮಹಾರಾಷ್ಟ್ರದ ಗಡಿ ದಾಟಿ ನನ್ನ ಪಾಲಿಗೆ ಬಂದದ್ದು. ಕಬ್ಬಿಣಕ್ಕೆ ನೀರೂ ಗಾಳಿಯೂ ಸಿಕ್ಕರೆ ತುಕ್ಕು, ಉಪ್ಪು ಸೇರಿದರೆ ಅದಕ್ಕೆ ಅವಸರ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಊಟ ಮುಗಿದಿರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಗ್ಯಾರೇಜಿನವರ ರನ್ನಿಂಗ್ ಬೋರ್ಡ್, ಒಳಗೆ ಟೊಳ್ಳು. ನೀರಿಳಿಯಲೆಂದು ಕಂಪನಿ ಬಿಟ್ಟ ತೂತುಗಳು ಕೆಸರಿನಿಂದ ಮುಚ್ಚಿದ್ದವು. ಮಳೆನೀರು ಅಲ್ಲೇ ಬಾಡಿಗೆಗಿತ್ತು.

ಲಾರಿಗೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಕಳಚಿಟ್ಟರೂ ಲಾರಿ ಲಾರಿಯೇ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಮಾರುತಿಗೆ ಬೇರೆ ಚಾಸಿ ಅಂತಿಲ್ಲ. ತಗಡನ್ನು ಮಡಿಚಿ, ಪೆಟ್ಟಿಗೆ ಮಾಡಿ, ಆ ಪೆಟ್ಟಿಗೆಯ ಮೇಲೇ ಭಾರವೆಲ್ಲ ಹಾಕಿದ್ದಾರೆ. ಬಾಗಿಲ ಕೆಳಗಿನ ಆ ಪಟ್ಟಿಯೂ ಭಾರ ಹೊರುವುದೇ. ಅದನ್ನು ಒಮ್ಮೆಲೇ ಕತ್ತರಿಸಿ ತೆಗೆದರೆ ಕಾರು ನಡುವೆ ಬಗ್ಗಿ, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಆದ್ದರಿಂದ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬಿಗಿದು, ಕೆಳಗೆ ಎರಡೂ ಕಡೆ ಆಸರೆ ಕೊಟ್ಟು, ಒಂದೊಂದು ಗೇಣು ಕತ್ತರಿಸುವುದು. ಬ್ಯಾಟರಿ ತಂತಿ ಬಿಚ್ಚುವುದು, ಒಳಗಿನ ಕಾರ್ಪೆಟ್ ಕೀಳುವುದು, ಪೆಟ್ರೋಲ್ ಟ್ಯಾಂಕ್ ದೂರವಿಡುವುದು, ಬಕೆಟ್ಟಿನಲ್ಲಿ ಮರಳು ಇಟ್ಟುಕೊಳ್ಳುವುದು ಅದಕ್ಕೂ ಮುಂಚೆ.

ಈ ಕೆಲಸದಲ್ಲಿ ವೆಲ್ಡಿಂಗ್ ಸ್ವಲ್ಪ, ಕತ್ತರಿಸುವುದೇ ಬಹಳ. ಕೈ ತಡೆಯುವುದೂ ಅಲ್ಲೇ. ಇಷ್ಟು ಸಾಕೇನೋ ಅಂತ ನಿಲ್ಲಿಸಿ ಕಿಡಿ ಹೊತ್ತಿಸಿದರೆ ಅಂಚು ಮಾಯ. ಬೆಳ್ಳಗೆ ಹೊಳೆಯುವ ಗಟ್ಟಿ ಲೋಹ ಕಾಣುವವರೆಗೂ ಕತ್ತರಿಸಬೇಕು. ಕಾಸಗಲದ ಗುಳ್ಳೆ ಕೊನೆಗೆ ಅಂಗೈ ದಾಟಿ ಮೊಣಕೈ ಉದ್ದವಾಗುತ್ತದೆ.

ಕಾರಿನ ತಗಡು 22 ಗೇಜು, ಮಿಲಿಮೀಟರಿನ ಮುಕ್ಕಾಲು ಭಾಗ. ಲಾರಿಯ ಮೂರು ಮಿಲಿಮೀಟರ್ ತಗಡಿಗೆ 10 ನಂಬರ್ ರಾಡು ಹಿಡಿದು ಎಳೆದುಕೊಂಡು ಹೋದರೆ ಅದು ತಡೆದುಕೊಳ್ಳುತ್ತದೆ, ಕೈ ನಡುಗಿದರೂ ಕ್ಷಮಿಸುತ್ತದೆ. ತೆಳು ತಗಡಿಗೆ ಆ ದಾಕ್ಷಿಣ್ಯವಿಲ್ಲ. 14 ನಂಬರಿನ ಸಣ್ಣ ರಾಡಿಗೂ ಕರೆಂಟು ತುಸು ಏರಿದರೆ ತೂತು, ಇಳಿದರೆ ರಾಡು ಅಲ್ಲೇ ಅಂಟಿ ಕೂರುತ್ತದೆ. ಸಂಜೆ ಬೀದಿಯ ದೀಪಗಳೆಲ್ಲ ಹೊತ್ತಿ ವೋಲ್ಟೇಜು ಕುಸಿದಾಗ ಈ ಎರಡರ ನಡುವಿನ ಜಾಗ ಕೂದಲೆಳೆಯಷ್ಟೂ ಉಳಿಯುವುದಿಲ್ಲ.

ಕಾರು ಮಾಡಲಾರೆ ಅಂದ ಉಸ್ತಾದರೇ ದಾರಿಯನ್ನೂ ಹೇಳಿದರು. ಗೆರೆ ಎಳೆಯಬೇಡಿ, ಚುಕ್ಕೆ ಇಡಿ. ಇಲ್ಲೊಂದು ಚುಕ್ಕೆ, ಅದರಿಂದ ದೂರ ಇನ್ನೊಂದು, ಮುಟ್ಟಿ ನೋಡಿ ತಣ್ಣಗಾದ ಮೇಲೆ ನಡುವೆ ಮತ್ತೊಂದು. ಒಂದೇ ಕಡೆ ಕಾಯಿಸಿದರೆ ತಗಡು ಸೊಟ್ಟಗಾಗಿ ಅಲೆ ಏಳುತ್ತದೆ. ಹಿಂದುಗಡೆ ತಾಮ್ರದ ಪಟ್ಟಿ ಒತ್ತಿ ಹಿಡಿಯಬೇಕು. ತಾಮ್ರ ಬಿಸಿಯನ್ನು ಹೀರಿಕೊಳ್ಳುತ್ತದೆ, ಕರಗಿದ ಕಬ್ಬಿಣ ಅದಕ್ಕೆ ಅಂಟುವುದಿಲ್ಲ. ಇದನ್ನೆಲ್ಲ ಅವರು ಒಂದು ಲಾರಿಯ ತಳ ಬೆಸೆಯುತ್ತ, ನನ್ನ ಕಡೆ ತಿರುಗದೆ ಹೇಳಿದ್ದು. 2021ರ ಜನವರಿಯಲ್ಲಿ ಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಾಗಿನಿಂದ ಕಾಯಕದ ಬಗ್ಗೆ ಭಾಷಣಗಳನ್ನು ಬಹಳ ಕೇಳಿದ್ದೇನೆ. ಆಟೋ ನಗರದಲ್ಲಿ ಆ ಮಾತು ಯಾರೂ ಎತ್ತಿದ್ದು ಕೇಳಿಲ್ಲ. ಅವರಿಗೆ ಪುರಸೊತ್ತಿಲ್ಲ.

ಅಲ್ಲಿನ ಒಂದು ಸಂಗತಿ ಮಾತ್ರ ನನಗೆ ಸರಿಬರಲಿಲ್ಲ. ಎಷ್ಟೋ ಹುಡುಗರು ಬರೀ ತಂಪು ಕನ್ನಡಕ ಹಾಕಿಕೊಂಡು, ಮುಖ ಒಂದಿಷ್ಟು ಓರೆ ಮಾಡಿ ಬೆಸೆಯುತ್ತಾರೆ. ಆ ಬೆಳಕು ಸುಟ್ಟದ್ದು ಆಗಲೇ ತಿಳಿಯುವುದಿಲ್ಲ. ಕೆಲಸ ಮುಗಿಸಿ, ಉಂಡು ಮಲಗಿದ ಮೇಲೆ ನಡುರಾತ್ರಿ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿ ಶುರುವಾಗುತ್ತದೆ. ಆಲೂಗಡ್ಡೆ ಹೋಳು ಇಟ್ಟುಕೊಂಡರೆ ಹೋಗುತ್ತದೆ ಅಂತ ನಗುತ್ತಾರೆ. ದೊಡ್ಡ ದೊಡ್ಡ ಲಾರಿ ಕಟ್ಟುವ ಊರಿನಲ್ಲಿ ಒಂದು ಕಪ್ಪು ಗಾಜಿಗೆ ಬರ ಬರಬಾರದಿತ್ತು.

ಬೆಸುಗೆ ಉಜ್ಜಿ ಸಮ ಮಾಡಿದ ಮೇಲೆ ಸತುವಿನ ಪ್ರೈಮರು, ಸಂದಿಗೆ ಸೀಲರು, ಒಳಟೊಳ್ಳಿಗೆ ಮೇಣದಂಥ ಎಣ್ಣೆ. ಸತು ನಮ್ಮ ಜಿಲ್ಲೆಗೆ ಹೊಸದಲ್ಲ. ಬಿದರಿ ಕಲೆಯ ಹೂಜಿಯ ಮೈಯೆಲ್ಲ ಬಹುಪಾಲು ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಕಬ್ಬಿಣದ ಪಕ್ಕ ಕೂತರೆ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆದರೆ ಸತು ಬಳಿದ ತಗಡನ್ನು ಉಜ್ಜದೇ ಬೆಸೆದರೆ ಏಳುವ ಬಿಳಿ ಹೊಗೆ ರಾತ್ರಿ ಚಳಿಜ್ವರ ತರುತ್ತದೆ. ಬಾಗಿಲು ತೆರೆದ ಕಡೆ, ಗಾಳಿಗೆ ಬೆನ್ನು ಕೊಟ್ಟು ಕೂರುವುದು ಒಳ್ಳೆಯದು.

ಎಡಗಡೆ ಮುಗಿದಿದೆ. ಬಲಗಡೆ ಹಾಗೂ ಡಿಕ್ಕಿಯ ತಳ ಬಾಕಿ. ನೀರು ಸುರಿದು ನೋಡಿದೆ, ಕಂಪನಿಯ ತೂತುಗಳಿಂದ ಸರಾಗ ಇಳಿಯುತ್ತಿದೆ. ಈ ನಡುವೆ ಮಗ್ಗುಲ ಮನೆಯವರು ಬಂದು, "ನಿಮ್ಮಲ್ಲಿ ಮಷಿನ್ ಅದ ಅಂತಲ್ರಿ ಸರ್, ನಮ್ಮ ಗೇಟಿಂದು ಬಿಜಾಗರಿ ಕಿತ್ತದ, ಸ್ವಲ್ಪ ಹೊಡೆದು ಕೊಡ್ರಿ" ಅಂದರು. ಹೋಗಿ ನೋಡಿದೆ. ಐದು ಮಿಲಿಮೀಟರ್ ಪಟ್ಟಿ. ತಕ್ಷಣ ಒಪ್ಪಿಕೊಂಡೆ.