ಆಗುಂಬೆ ತಿರುವಿನಲ್ಲಿ ಅರೆ ಮೆಕ್ಯಾನಿಕರು

ಉಡುಪಿ ಕಡೆಯಿಂದ ಹೆಬ್ರಿ ದಾಟಿ ಸೋಮೇಶ್ವರ ತಲುಪಿದರೆ ಎದುರಿಗೇ ಪಶ್ಚಿಮ ಘಟ್ಟದ ಹಸಿರು ಗೋಡೆ. ಅದನ್ನು ಹತ್ತಲು 14 ಹೇರ್‌ಪಿನ್ ತಿರುವುಗಳು. ಮೇಲೆ, ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ ಆಗುಂಬೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನ ದಾರಿಯಲ್ಲಿ, ತಮಾಷೆ ನೋಡಿ, ಬೇಸಗೆಯಲ್ಲಿ ಕಾರುಗಳು ಬಾಯಾರಿ ನಿಲ್ಲುತ್ತಿದ್ದವು! ಅಂಬಾಸಿಡರ್, ಫಿಯೆಟ್‌ಗಳ ಕಾಲದಲ್ಲಿ ಬಾನೆಟ್ ತೆರೆದು ನಿಂತ ಕಾರು, ಅದರೊಳಗೆ ತಲೆ ತೂರಿಸಿದ ಯಜಮಾನರು, ಪಕ್ಕದ ಕಟ್ಟೆಯ ಮೇಲೆ ಚಿತ್ರಾನ್ನದ ಬುತ್ತಿ ಬಿಚ್ಚಿದ ಮನೆಮಂದಿ – ಇದೂ ಇಲ್ಲಿನ ಸೂರ್ಯಾಸ್ತದಷ್ಟೇ ಪರಿಚಿತ ನೋಟ.

ಅಂಥ ಯಜಮಾನರೊಬ್ಬರ ಕಥೆ ಕೇಳಿ. ಸೋಮೇಶ್ವರದಲ್ಲಿ ಚಹಾಕ್ಕೆಂದು ನಿಂತಾಗ ರೇಡಿಯೇಟರ್ ತೊಟ್ಟಿಕ್ಕುವುದು ಕಂಡಿತು. ಚಿಟಿಕೆ ಅರಿಸಿನ ಹಾಕಿದರೆ ಸೋರುವುದು ನಿಲ್ಲುತ್ತದೆಂದು ಎಲ್ಲೋ ಕೇಳಿದ್ದರು. ಮಾತು ಸುಳ್ಳಲ್ಲ. ಪುಡಿಯ ಕಣಗಳು ನೀರಿನೊಡನೆ ಹರಿದು ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಆದರೆ ಚಿಟಿಕೆಯಿಂದ ಇಷ್ಟು ಗುಣವಾದರೆ ಪೊಟ್ಟಣದಿಂದ ಎಷ್ಟಾಗಬೇಡ? ಪೂಜೆಗೆಂದು ತಂದ ಅರಿಸಿನವೆಲ್ಲ ರೇಡಿಯೇಟರ್ ಪಾಲಾಯಿತು.

ಸೋರುವುದೇನೋ ನಿಂತಿತು. ಜೊತೆಗೆ ರೇಡಿಯೇಟರಿನ ಒಳಗಿನ ಕಿರುನಾಳಗಳೂ ಕಟ್ಟಿಕೊಂಡವು. ಎಂಜಿನ್ನಿನ ಬಿಸಿಯನ್ನು ಹೊತ್ತು ತಂದು ಗಾಳಿಗೆ ಬಿಡಬೇಕಾದ ನೀರಿಗೆ ಹಾದಿಯೇ ಇಲ್ಲ! ಏಳನೆಯ ತಿರುವಿನಲ್ಲಿ ಬಾನೆಟ್ ಸಂದಿಯಿಂದ ಹಳದಿ ಹನಿಗಳ ಸಮೇತ ಹಬೆ ಎದ್ದಿತು. ಇಳಿದು ನೋಡಲು ಹೋದ ಯಜಮಾನರ ಬಿಳಿ ಪಂಚೆ ಮದುವೆ ಮನೆಯದಾಯಿತು.

"ರೀ, ಅರಿಸಿನ ಶಾಸ್ತ್ರ ಆಯ್ತು. ಹೆಣ್ಣು ಯಾರು?" ಎಂದರು ಹೆಂಡತಿ.

ಮುಖ ಕೆಂಪಾದ ಯಜಮಾನರು ಟವೆಲ್ ಸುತ್ತಿದ ಕೈಯನ್ನು ರೇಡಿಯೇಟರ್ ಮುಚ್ಚಳದತ್ತ ಚಾಚಿದರು. ಪಕ್ಕದಲ್ಲೇ ಹತ್ತು ವರ್ಷದ ಮಗ, ಒಳಗೇನಿದೆ ಎಂದು ಬಗ್ಗಿ ನೋಡುತ್ತಿದ್ದ. ಆಗ ಬಂದ ಮಿನಿಬಸ್ಸಿನ ಚಾಲಕ ಕಿಟಕಿಯಿಂದಲೇ ಕೂಗಿದ: "ಮುಚ್ಚಳ ಮುಟ್ಟಬೇಡಿ ಮಾರಾಯ್ರೆ! ಹುಡುಗನನ್ನು ಆಚೆ ಎಳೀರಿ!"

ಆ ಕೂಗಿನ ಹಿಂದೆ ಪ್ರೌಢಶಾಲೆಯ ಪಾಠವೇ ಇದೆ. ಒತ್ತಡ ಹೆಚ್ಚಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ಮುಚ್ಚಿದ ರೇಡಿಯೇಟರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ದ್ರವವಾಗಿಯೇ ಇರಬಲ್ಲದು, ಪ್ರೆಷರ್ ಕುಕ್ಕರಿನಲ್ಲಿ ಇರುವಂತೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ. ಆ ಕ್ಷಣವೇ ನೀರಿನ ಒಂದು ಪಾಲು ಹಬೆಯಾಗಿ, ಉಳಿದ ಕುದಿನೀರನ್ನು ಮುಖದ ಮಟ್ಟಕ್ಕೆ ಚಿಮ್ಮಿಸುತ್ತದೆ. ಅಲ್ಲಿ ಯಾರ ಮುಖವಿದೆ ಎಂದು ಅದು ನೋಡುವುದಿಲ್ಲ. ಟವೆಲ್ ಕೈಯನ್ನು ಕಾಯಬಹುದು, ಕಣ್ಣನ್ನಲ್ಲ.

ಇಳಿಯುವವರ ಪ್ರಯೋಗ ಇನ್ನೂ ಅಪಾಯದ್ದು. ಬ್ರೇಕ್ ಆಯಿಲ್ ಕಡಿಮೆಯಾಗಿದೆಯೆಂದು, "ಎಣ್ಣೆ ಎಣ್ಣೆಯೇ ತಾನೆ" ಎನ್ನುತ್ತ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ಹೆಸರು ಆಯಿಲ್ ಆದರೂ ಸಾಮಾನ್ಯ ಕಾರುಗಳ ಬ್ರೇಕ್ ದ್ರವ ಖನಿಜ ತೈಲವಲ್ಲ. ಎಂಜಿನ್ ಆಯಿಲ್ ತಗುಲಿದರೆ ಬ್ರೇಕಿನ ರಬ್ಬರ್ ಸೀಲುಗಳು ಊದಿ ಕೆಡುತ್ತವೆ. ಪಂಚೆಯ ಕಲೆಗೆ ನಗಬಹುದು. ಹದಿನಾಲ್ಕು ತಿರುವಿನ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟರೆ ನಗಲು ಯಾರೂ ಉಳಿಯಲಿಕ್ಕಿಲ್ಲ.

ನಮ್ಮ ಯಜಮಾನರ ಕಥೆ ಸುಖಾಂತ. ಎಂಜಿನ್ ಪೂರ್ತಿ ಆರುವವರೆಗೆ ಎಲ್ಲರೂ ಕಟ್ಟೆಯ ಮೇಲೆ ಕುಳಿತು ಚಿತ್ರಾನ್ನ ಮುಗಿಸಿದರು. ಚಾಲಕ ಕೊಟ್ಟ ಕ್ಯಾನಿನ ನೀರು ತುಂಬಿಸಿ, ತಿರುವಿಗೊಮ್ಮೆ ನಿಂತು ದಣಿವಾರಿಸಿಕೊಳ್ಳುತ್ತ ಕಾರು ಆಗುಂಬೆ ಸೇರಿತು. ಮರುದಿನ ತೀರ್ಥಹಳ್ಳಿಯಲ್ಲಿ ರೇಡಿಯೇಟರ್ ಬಿಚ್ಚಿದ ಮೆಕ್ಯಾನಿಕ್, "ಯಜಮಾನ್ರೇ, ಉಪ್ಪು, ಖಾರ ಒಂದು ಕಮ್ಮಿ ನೋಡಿ" ಎಂದನಂತೆ.

ಏಳನೆಯ ತಿರುವಿನಿಂದ ಹೊರಡುವಾಗ ಚಾಲಕ ಇನ್ನೊಂದು ಮಾತು ಹೇಳಿದ್ದ: "ಚಕ್ರಕ್ಕೆ ಕೊಟ್ಟ ಕಲ್ಲು ರಸ್ತೆಯಲ್ಲೇ ಬಿಡಬೇಡಿ. ರಾತ್ರಿ ಬೈಕಿನವರು ಬರುತ್ತಾರೆ." ಕಾರು ನಾಲ್ಕು ಮಾರು ಮುಂದೆ ಹೋದ ಮೇಲೆ ಹುಡುಗ ಇಳಿದು ಓಡಿ ಬಂದ. ಎರಡೂ ಕೈಯಲ್ಲಿ ಕಲ್ಲನ್ನೆತ್ತಿ ಕಟ್ಟೆಯ ಬದಿಗಿಟ್ಟ. ಆ ದಿನ ಯಾವ ತಪ್ಪೂ ಇಲ್ಲದೆ ಮುಗಿದ ರಿಪೇರಿ ಅದೊಂದೇ.