ಪಡಸಾಲೆಯ ಚರ್ಚೆ

ಈ ಬೇಸಗೆಯ ಸೂಟಿಯಲ್ಲಿ ನಮ್ಮ ಚಿಕ್ಕೋಡಿಯ ಮನೆಯ ಪಡಸಾಲೆಯು ಒಂದು ನ್ಯಾಯಸಭೆಯೇ ಆಗಿಬಿಟ್ಟಿತ್ತು. ನಿಪ್ಪಾಣಿಯಿಂದ ಮಗಳ ಮಗನು, ಅಥಣಿಯಿಂದ ತಮ್ಮನ ಮೊಮ್ಮಗಳು, ರಾಯಬಾಗ ಕಾಗವಾಡಗಳಿಂದ ಬೀಗರ ಹುಡುಗರು, ಇವರೊಡನೆ ಮನೆಯಲ್ಲಿಯೇ ಬೆಳೆದ ನಮ್ಮ ಮೊಮ್ಮಗಳು, ಹೀಗೆ ಐವರು ನಮ್ಮ ಮಂಚದ ಸುತ್ತ ಕುಳಿತು, ಮೊಬೈಲಿನಲ್ಲಿ ನೋಡಿದ ಕಥೆಯೊಂದನ್ನು ಕುರಿತು ಹಗಲಿರುಳು ವಾದಿಸುತ್ತಿದ್ದರು. ಎದ್ದು ಹೋಗುವ ಶಕ್ತಿಯು ನಮಗಿರಲಿಲ್ಲ. ಹೋಳಿ ಹುಣ್ಣಿವೆಯ ಮುನ್ನಾದಿನ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಎಲುಬನ್ನು ಮುರಿದುಕೊಂಡು, ಮಿರಜಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದು ಮಲಗಿದ್ದೆವು. ಬೇಕಾದರೂ ಬೇಡಾದರೂ ಎಲ್ಲವನ್ನೂ ಕೇಳಲೇಬೇಕಾಯಿತು.

ಅರಿಯದ ವಾಚಕರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳುವೆವು. 2005ರಿಂದ 2008ರ ವರೆಗೆ ಅಮೇರಿಕೆಯ ನಿಕೆಲೋಡಿಯನ್ ವಾಹಿನಿಯಲ್ಲಿ ‘ಅವತಾರ್’ ಎಂಬ ಚಲಿಸುವ ಚಿತ್ರಗಳ ಕಥಾಮಾಲೆಯು ಬಂದಿತು. ಜಲ, ಪೃಥ್ವಿ, ಅಗ್ನಿ, ವಾಯುಗಳನ್ನು ಅಂಕೆಯಲ್ಲಿಟ್ಟುಕೊಂಡು ಲೋಕದ ಸಮತೋಲವನ್ನು ಕಾಯುವ ಜೀವವೊಂದು ಮತ್ತೆ ಮತ್ತೆ ಹುಟ್ಟಿಬರುವದೆಂಬದು ಅದರ ಮೂಲಕಲ್ಪನೆ. ಶಬ್ದವು ನಮ್ಮದೇ, ಆದರೆ ಆಕಾಶವನ್ನು ಬಿಟ್ಟು ನಾಲ್ಕೇ ಭೂತಗಳನ್ನೇಕೆ ಇಟ್ಟುಕೊಂಡರೆಂದು ನಾವು ಕೇಳಿದುದಕ್ಕೆ ಹುಡುಗರಾರೂ ಉತ್ತರ ಕೊಡಲಿಲ್ಲ. ಅದರ ನಾಯಕನು ಆಂಗನೆಂಬ ಬಾಲಸನ್ಯಾಸಿ. ಅದರ ಮುಂದಿನ ಕಥೆಯೇ 2012ರಿಂದ 2014ರ ವರೆಗೆ ನಾಲ್ಕು ಭಾಗಗಳಾಗಿ, 52 ಕಂತುಗಳಲ್ಲಿ ಬಂದ ‘ದಿ ಲೆಜೆಂಡ್ ಆಫ್ ಕೋರಾ’. ಯುದ್ಧವು ಮುಗಿದು 70 ವರುಷಗಳಾಗಿವೆ, ಆಂಗನು ತೀರಿಹೋಗಿರುವನು, ಮೋಟಾರು, ರೇಡಿಯೋಗಳು ಬಂದಿವೆ, ದಕ್ಷಿಣ ಧ್ರುವದ ಜಲಕುಲದಲ್ಲಿ ಹುಟ್ಟಿದ ಕೋರಾ ಎಂಬ ಸಿಟ್ಟಿನ ಹುಡುಗಿಯು ಈಗಿನ ಅವತಾರ.

ನಿಪ್ಪಾಣಿಯವನು ಆಂಗನ ಪಕ್ಷ. ಅವನು ಅರ್ಧ ಮರಾಠಿಯಲ್ಲಿಯೂ ಅರ್ಧ ಕನ್ನಡದಲ್ಲಿಯೂ ಆಪಾದನೆಗಳನ್ನು ಮಾಡುವನು: ಕೋರಾ ಪ್ರತಿಯೊಂದು ಭಾಗದಲ್ಲಿಯೂ ಸೋಲುವಳು, ಮೊದಲನೆಯದರಲ್ಲಿ ಅಮೋನನು ಅವಳ ಶಕ್ತಿಗಳನ್ನು ಕಸಿದನು, ಎರಡನೆಯದರಲ್ಲಿ ಹಿಂದಿನ ಅವತಾರಗಳೆಲ್ಲರ ನಂಟು ಕಡಿದುಹೋಯಿತು, ಮೂರನೆಯದರಲ್ಲಿ ವಿಷವೇರಿ ಗಾಲಿಕುರ್ಚಿಯನ್ನು ಹಿಡಿದಳು. ಇಂಥವಳೆಂಥ ನಾಯಕಿ? ಅಥಣಿಯವಳು ಬಿಡುವವಳಲ್ಲ. ಆಂಗನ ವೈರಿಯು ನೋಡಿದೊಡನೆಯೇ ದುಷ್ಟನೆಂದು ತಿಳಿಯುವಂಥವನು. ಕೋರಾಳ ವೈರಿಗಳಾದರೋ ಒಬ್ಬೊಬ್ಬರೂ ಅರ್ಧ ಸತ್ಯವನ್ನು ಕೈಯಲ್ಲಿ ಹಿಡಿದೇ ಬರುವರು. ಅಮೋನನು ಸಮಾನತೆಯನ್ನು, ಝಾಹೀರನು ಸ್ವಾತಂತ್ರ್ಯವನ್ನು, ಕುವೀರಾ ಶಿಸ್ತನ್ನು. ಇಂಥವರೊಡನೆ ಕಾದುವದು ಕಠಿಣವೆಂದು ಅವಳ ವಾದ. ದುಷ್ಟ ರಾಣಿಯನ್ನು ಕೊಂದ ಝಾಹೀರನು ಮಾಡಿದುದೇ ಸರಿಯೆಂದು ರಾಯಬಾಗದವನು ಕೂಗಿದನು. “ರಾಣಿ ಸತ್ತ ಮ್ಯಾಲ ಊರೆಲ್ಲಾ ಲೂಟಿ ಆತಲ್ಲ? ಅದಕ್ಕs ಕುವೀರಾ ಹುಟ್ಟಿದ್ಲು” ಎಂದು ಕಾಗವಾಡದ ಚಿಕ್ಕವನು ಮೆಲ್ಲನೆ ಅಂದನು. ಹತ್ತು ವರುಷದ ಹುಡುಗನ ಬಾಯಲ್ಲಿ ಆ ಮಾತನ್ನು ಕೇಳಿ ನಾವು ದಿಂಬಿಗೊರಗಿ ಕುಳಿತೆವು.

ಅಲ್ಲಿಯ ವರೆಗೆ ಇದನ್ನೆಲ್ಲ ಹುಡುಗಾಟವೆಂದೇ ಬಗೆದಿದ್ದೆವು. ಆದರೆ ಇಂಥ ಜಗಳವನ್ನು ನಾವು ಇದೇ ಪಡಸಾಲೆಯಲ್ಲಿಯೇ ಕೇಳಿದ್ದೆವು. ನಮ್ಮ ಅಜ್ಜಂದಿರ ಕಾಲಕ್ಕೆ ಶ್ರಾವಣದಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿಸುತ್ತಿದ್ದರು. ಅದೂ ಮುಂದಿನ ಕಥೆಯೇ ಅಲ್ಲವೆ? ಕುರುಕ್ಷೇತ್ರವು ಮುಗಿದಿದೆ, ಭೀಷ್ಮ ಕರ್ಣರಿಲ್ಲ, ಕರ್ಣನ ಮಗ ವೃಷಕೇತುವು ತಂದೆಯನ್ನು ಕೊಂದ ಅರ್ಜುನನ ಮಗ್ಗುಲಲ್ಲಿಯೇ ಕುದುರೆಯ ಹಿಂದೆ ನಡೆದಿದ್ದಾನೆ. ಕಪ್ಪಗಾಣಿಕೆಗಳೊಡನೆ ಬಂದ ಮಗ ಬಭ್ರುವಾಹನನನ್ನು ಅರ್ಜುನನು ಹೀಯಾಳಿಸಿ ಒದೆಯುವನು. ಮಗನ ಬಾಣದಿಂದಲೇ ಮಡಿಯುವನು. ಓದು ನಿಂತ ಮೇಲೆ ಹಿರಿಯರು ಎಲೆಯಡಿಕೆ ಹಾಕಿಕೊಂಡು, ಮಗನದು ತಪ್ಪೋ ತಂದೆಯದೋ ಎಂದು ನಡುರಾತ್ರಿಯ ತನಕ ಕಾದಾಡುತ್ತಿದ್ದರು. ಭಾರತದ ಯುದ್ಧವನ್ನು ಕೇಳಿದ ಕಿವಿಗೆ ಇದೆಲ್ಲ ಸಪ್ಪೆಯೆಂದು ಮೂಗು ಮುರಿಯುವವರೊಬ್ಬರು ಅಂದೂ ಇದ್ದರು. ಆ ಪೀಠವನ್ನು ಈಗ ನಿಪ್ಪಾಣಿಯವನು ಏರಿದ್ದಾನೆ.

ನಮ್ಮ ಮೊಮ್ಮಗಳೊಬ್ಬಳು ಮಾತ್ರ ಈ ವಾದಗಳಲ್ಲಿ ಹೆಚ್ಚು ಬಾಯಿಹಾಕುತ್ತಿರಲಿಲ್ಲ. ಮನೆಯ ಗುಟ್ಟೊಂದನ್ನು ಇಲ್ಲಿ ಹೇಳಬೇಕಾಗಿದೆ. ನಡೆಸಲು ಬರುತ್ತಿದ್ದ ವ್ಯಾಯಾಮದ ತರುಣನನ್ನು ನಾವು ಮೂರು ವಾರಗಳ ಹಿಂದೆಯೇ ಬೈದು ಕಳಿಸಿಬಿಟ್ಟಿದ್ದೆವು. ನಾಲ್ಕು ಕಾಲಿನ ವಾಕರವನ್ನು ಮೂಲೆಗಿಡಿಸಿದ್ದೆವು. ದಿನಾಲು ಬೆಳಗಿನಲ್ಲಿ ಊರ ಹೊರಗಿನ ತನಕ ನಡೆದು ಬರುತ್ತಿದ್ದ ನಮ್ಮನ್ನು ಬೀಗರು ಆ ಸ್ಥಿತಿಯಲ್ಲಿ ನೋಡುವದು ನಮಗೆ ಸಹಿಸದಾಗಿತ್ತು. ಆಕೆಯು ಇದನ್ನು ಬಲ್ಲಳು. ಒಂದು ಸಂಜೆ ಎಲ್ಲರೂ ಮಾಳಿಗೆಗೆ ಹೋದಾಗ ಮೊಬೈಲನ್ನು ನಮ್ಮ ಕೈಗಿಟ್ಟು, “ಅಜ್ಜಾ, ಇದೊಂದ ನೋಡ್ರಿ” ಎಂದಳು.

ನಾಲ್ಕನೆಯ ಭಾಗದ ಒಂದು ಕಂತು ಅದು. ಕೋರಾ ತವರಿಗೆ ಮರಳಿ, ಕಟಾರಾ ಎಂಬ ಮುದುಕಿಯ ಮುಂದೆ ನಡೆಯಲು ಕಲಿಯುತ್ತಿರುವಳು. ಈ ಕಟಾರಾ ಹಿಂದಿನ ಕಥೆಯಲ್ಲಿ ಆಂಗನ ಜೊತೆಗಾತಿಯಾಗಿದ್ದ ಹುಡುಗಿಯೇ. ಎರಡು ಹೆಜ್ಜೆಗೆ ಕೋರಾ ಬೀಳುವಳು. ಉಪಚರಿಸುವ ಮುದುಕಿಯ ಮೇಲೆಯೇ ರೇಗುವಳು. ಗೆಳೆಯರ ಓಲೆಗಳು ಬಂದು ಬಿದ್ದಿವೆ. ಬಹಳ ದಿನ ಯಾರೊಬ್ಬರಿಗೂ ಉತ್ತರ ಬರೆಯಲೊಲ್ಲಳು. ಲೋಕವು ತನ್ನನ್ನು ಬಿಟ್ಟು ಮುಂದೆ ಹೋಗಿರುವದೇ ಅವಳಿಗೆ ವಿಷಕ್ಕಿಂತ ಹೆಚ್ಚಿನ ನೋವು. ಮುಂದೆ ಟಾಫ್ ಎಂಬ ಕುರುಡು ಮುದುಕಿಯ ಬಳಿಗೆ ಹೋದಾಗ, ವಿಷಲೋಹದ ಶೇಷವು ಇನ್ನೂ ಮೈಯಲ್ಲಿರುವದು ತಿಳಿಯುವದು. ಕೊನೆಗೆ ಅದನ್ನು ಕೋರಾ ತಾನೇ ಹೊರಗೆಳೆಯಬೇಕಾಗುವದು. ನಾವು ಮೊದಲಿನ ಕಂತನ್ನು ಎರಡು ಸಲ ನೋಡಿದೆವು.

“ಆಕೀಗೆ ಮೂರು ವರ್ಷ ಹಿಡೀತು. ನಿಮಗ ಇನ್ನಾ ಮೂರು ತಿಂಗಳಾಗಿಲ್ಲ” ಎಂದಷ್ಟೇ ಹೇಳಿ, ಮೊಮ್ಮಗಳು ಚಹದ ಬಟ್ಟಲನ್ನು ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಮುಂಜಾನೆ ನಾವೇ ವಾಕರವನ್ನು ತರಿಸಿದೆವು. ಬೀಗರು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು, ಕುಳಿತಿರಲಿ ಎಂದೆವು. ಮಂಚದಿಂದ ಹೊಸ್ತಿಲಿಗೆ ಒಂಬತ್ತು ಹೆಜ್ಜೆಗಳಾದವು. ನಿಪ್ಪಾಣಿಯವನು ಪಕ್ಕದಲ್ಲಿ ನಡೆಯುತ್ತ ಅವನ್ನು ಮರಾಠಿಯಲ್ಲಿ ಎಣಿಸಿದನು. ಹೊಸ್ತಿಲು ಮುಟ್ಟಿದ ಮೇಲೆ, ಆಂಗನಾಗಿದ್ದರೆ ಒಂದೇ ಹಾರಿಗೆ ಬರುತ್ತಿದ್ದನೆಂದು ಹೇಳುವದನ್ನು ಮರೆಯಲಿಲ್ಲ.