ಅಗಸಿ ಎಣ್ಣೆ ಕುಡಿದ ಪುಷ್ಪಕ್

ವಿಮಾನವನ್ನು ಅರಿವೆ ಬಿಚ್ಚಿಸಿ ನೋಡಿದವರಿಗೆ ಅದರ ಮೇಲೆ ಮೊದಲಿನ ಭಯಭಕ್ತಿ ಉಳಿಯುವುದಿಲ್ಲ. ಕಲಬುರಗಿ ಪಕ್ಕದ ತಾಜಸುಲ್ತಾನಪುರದ ನಮ್ಮ ಶೆಡ್ಡಿಗೆ ಲಾರಿಯಲ್ಲಿ ಬಂದಿಳಿದ ಪುಷ್ಪಕ್‌ಗೆ ರೆಕ್ಕೆ ಇರಲಿಲ್ಲ, ಎಂಜಿನ್ ಇರಲಿಲ್ಲ, ಮೈಮೇಲೆ ಚೂರು ಬಟ್ಟೆಯೂ ಇರಲಿಲ್ಲ. ತುಕ್ಕು ಬಣ್ಣದ ಕೊಳವೆಗಳ ಹಂದರ ಅಷ್ಟೇ. ಟ್ರಾಲಿ ರಿಪೇರಿಗೆ ಬಂದಿದ್ದ ಕಮಲಾಪುರದ ಕಡೆಯ ರೈತರೊಬ್ಬರು ಎರಡು ಸುತ್ತು ಹಾಕಿ, "ಏನ್ರೀ ಇದು, ಪಾಲಿಹೌಸಿಂದೇನು?" ಅಂದರು. ವಿಮಾನ ಅಂದೆ. ನನ್ನ ಮುಖವನ್ನೊಮ್ಮೆ ನೋಡಿ, ತಮ್ಮ ಟ್ರಾಲಿ ಯಾವಾಗ ಆಗ್ತದ ಅಂತ ಕೇಳಿದರು.

ಹಳೆಯ ವಿಮಾನಗಳ ಹುಚ್ಚಿರುವ ಗೆಳೆಯರೊಬ್ಬರು ಅದನ್ನು ಗುಜರಿಯಿಂದ ಬಿಡಿಸಿಕೊಂಡು ಬಂದಿದ್ದರು. ಹಾರಿಸುವ ಆಸೆ ಅವರಿಗೂ ಇಲ್ಲ. ಹಾರಬೇಕೆಂದರೆ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಒಪ್ಪಿದ ಕಾರ್ಖಾನೆ ಬೇಕು, ಪರವಾನಗಿ ಇರುವ ಎಂಜಿನಿಯರ್ ಬೇಕು, ಹಾಕುವ ಕೊಳವೆಗೂ ಕಾಗದಪತ್ರ ಬೇಕು. ಇದು ನೋಡುವವರಿಗಾಗಿ ನಿಲ್ಲಿಸುವ ವಿಮಾನ. ಆದರೆ ನಾಳೆಯೇ ಹಾರುತ್ತದೆ ಅನ್ನುವ ಹಾಗೆ ಕೆಲಸ ಆಗಬೇಕು ಅಂದರು. ಆ ಕರಾರಿಗೇ ನಾನು ಬಿದ್ದದ್ದು.

ಪುಷ್ಪಕ್ ಬೆಂಗಳೂರಿನ ಎಚ್‌ಎಎಲ್‌ನ ಕೂಸು. ಮೊದಲು ಹಾರಿದ್ದು 1958ರ ಸೆಪ್ಟೆಂಬರ್ 28ರಂದು. ಅಕ್ಕಪಕ್ಕ ಇಬ್ಬರು ಕೂರುವ, 90 ಅಶ್ವಶಕ್ತಿಯ ಪುಟ್ಟ ವಿಮಾನ. ಅಮೆರಿಕದ ಏರೋಂಕಾ ಚೀಫ್‌ನ ಹತ್ತಿರದ ನೆಂಟ. ಸುಮಾರು 160 ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹಂಚಿಹೋದವು. ಸೋಜಿಗವೆಂದರೆ, ಅದೇ ಎಚ್‌ಎಎಲ್ 1951ರಲ್ಲೇ ಎಚ್‌ಟಿ-2 ಎಂಬ ಪೂರಾ ಲೋಹದ ತರಬೇತಿ ವಿಮಾನವನ್ನು ಹಾರಿಸಿತ್ತು. ತಗಡು, ರಿವೆಟ್ಟು ಎಲ್ಲ ಬಲ್ಲವರು ಮತ್ತೆ ಕೊಳವೆ-ಬಟ್ಟೆಗೆ ಯಾಕೆ ಬಂದರು? ನನ್ನ ಕೇಳಿದರೆ ಅದೇ ಜಾಣತನ. ಕ್ಲಬ್ಬಿನಲ್ಲಿ ಕಲಿಯುವ ಹುಡುಗ ಇಳಿಸುವಾಗ ಕುಪ್ಪಳಿಸಿ ವಿಮಾನದ ಕಾಲು ಮುರಿದರೆ, ತಗಡಿನ ಮೈ ಸೊಟ್ಟಾಗಿ ದೊಡ್ಡ ಕೆಲಸ ಬೀಳುತ್ತದೆ. ಕೊಳವೆಯಾದರೆ ಕೆಟ್ಟದ್ದನ್ನಷ್ಟೇ ಕತ್ತರಿಸಿ ಬೇರೆಯದನ್ನು ಬೆಸೆದು, ಬಟ್ಟೆಗೆ ತೇಪೆ ಹಚ್ಚಿದರೆ ಮುಗಿಯಿತು.

ನಾನು ಮೊದಲು ಮಾಡಿದ್ದು ಬಡಿದು ಕೇಳುವ ಕೆಲಸ. ಅದು ಅಪ್ಪನಿಂದ ಬಂದದ್ದು. ಎಂಎಸ್‌ಕೆ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಅವರು ಯಂತ್ರವನ್ನು ಬಿಚ್ಚುವ ಮೊದಲು ಅದಕ್ಕೆ ಸ್ಪ್ಯಾನರ್ ಆನಿಸಿ ಕಿವಿ ಹಚ್ಚುತ್ತಿದ್ದರು. ಪುಷ್ಪಕ್ ನೆಲದ ಮೇಲೆ ಬಾಲ ಊರಿ ಕೂರುವ ವಿಮಾನ. ಒಳಗೆ ಸೇರಿದ ನೀರು, ತೇವ ಎಲ್ಲ ಬಾಲದ ಹತ್ತಿರದ ಕೆಳಗಿನ ಉದ್ದಕೊಳವೆಗೆ ಹರಿದು ಅಲ್ಲೇ ನಿಲ್ಲುತ್ತದೆ. ಹೊರಗಿನ ಬಣ್ಣ ನೆಟ್ಟಗಿರುತ್ತದೆ, ಒಳಗಿಂದ ತುಕ್ಕು ತಿನ್ನುತ್ತಿರುತ್ತದೆ. ಕೊಳವೆಯ ಗೋಡೆಯೇ ಒಂದು ಮಿಲಿಮೀಟರಿಗಿಂತ ತೆಳು. ಮುಂದಿನಿಂದ ಟಣ್ ಟಣ್ ಅನ್ನುತ್ತ ಬಂದ ಕೊಳವೆ ಬಾಲದ ಹತ್ತಿರ ಡಬ್ ಅಂದಿತು. ಮೊನಚು ಪಂಚ್ ಇಟ್ಟು ಒತ್ತಿದೆ. ಮಾಗಿದ ಪೇರಲಕ್ಕೆ ಬೆರಳು ಇಳಿದಂತೆ ಇಳಿಯಿತು.

ಕತ್ತರಿಸುವುದು ಸುಲಭ, ಆದರೆ ಒಂದೇ ಸಲ ಎರಡು ಕೊಳವೆ ಕತ್ತರಿಸಿದರೆ ಇಡೀ ಹಂದರ ತಿರುಚಿಕೊಳ್ಳುತ್ತದೆ. ಹಾಗಾಗಿ ಅಲುಗದಂತೆ ಜಿಗ್ಗಿಗೆ ಬಿಗಿದು ಒಂದೊಂದನ್ನೇ ತೆಗೆದೆವು. ಹಳೆಯ ಕೊಳವೆಗೂ ಹೊಸದಕ್ಕೂ ನಡುವೆ ಬಿಗಿಯಾಗಿ ಕೂರುವ ಒಳತೋಳು ತೂರಿಸಬೇಕು. ಸೇರುವ ಕಡೆ ನೇರ ಕತ್ತರಿಸಬಾರದು, 30 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಆಗ ಬೆಸುಗೆ ಒಂದೇ ಸುತ್ತಿನಲ್ಲಿ ಬೀಳದೆ ಉದ್ದಕ್ಕೆ ಹರಡುತ್ತದೆ. ಮೇಲಿನ ಕೊಳವೆಗೆ ತೂತು ಕೊರೆದು ಅದರೊಳಗಿಂದಲೂ ಒಳತೋಳನ್ನು ಬೆಸೆಯಬೇಕು. ಇಷ್ಟೂ ಗ್ಯಾಸಿನ ಸಣ್ಣ ಜ್ವಾಲೆಯಲ್ಲಿ. ಕಾದ ಬೆಸುಗೆಗೆ ಗಾಳಿ ಬಡಿದು ಬೇಗ ಆರಿದರೆ ಬಿರುಕು ಬಿಡುತ್ತದೆಂದು ಫ್ಯಾನ್ ಬಂದ್. ಕಲಬುರಗಿಯ ಮೇ ತಿಂಗಳಲ್ಲಿ ಬಾಗಿಲು ಹಾಕಿ, ಫ್ಯಾನ್ ಆರಿಸಿ ವೆಲ್ಡಿಂಗ್ ಮಾಡುವುದೇನೆಂದು ಬಲ್ಲವರೇ ಬಲ್ಲರು.

ವಿಮಾನದ ಚರಿತ್ರೆ ಬರೆಯುವವರು ಪೈಲಟ್ಟುಗಳನ್ನು ಹೊಗಳುತ್ತಾರೆ. ನಾನು ಪ್ಲಾಟ್ಜ್ ಕಡೆಯವನು. ರೈನ್‌ಹೋಲ್ಡ್ ಪ್ಲಾಟ್ಜ್ ಜರ್ಮನಿಯ ಫೋಕರ್ ಕಾರ್ಖಾನೆಗೆ ವೆಲ್ಡರ್ ಆಗಿ ಸೇರಿದವನು. ಬೇರೆಯವರು ಕಟ್ಟಿಗೆ, ತಂತಿ ಅನ್ನುತ್ತಿದ್ದಾಗ ಫೋಕರ್ ವಿಮಾನಗಳ ಮೈ ಉಕ್ಕಿನ ಕೊಳವೆಯದಾಗಿತ್ತು. ಆ ವೆಲ್ಡರ್ ಮುಂದೆ ಅಲ್ಲಿಯೇ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. 1918ರ ನವೆಂಬರ್‌ನಲ್ಲಿ ಯುದ್ಧ ನಿಂತಾಗ, ಜರ್ಮನಿ ಒಪ್ಪಿಸಬೇಕಾದ ವಿಮಾನಗಳ ಕರಾರಿನಲ್ಲಿ ಡಿ-7 ಎಂಬ ಫೋಕರ್ ವಿಮಾನದ ಹೆಸರನ್ನು ವಿಶೇಷವಾಗಿ ಬರೆಸಿದ್ದರು. ಅದರ ಮೈಯೂ ಬೆಸೆದ ಕೊಳವೆಯದೇ.

ಬೆಸುಗೆ ಮುಗಿದ ಮೇಲೆ ಮನೆಯವರಿಗೆಲ್ಲ ಹಿಡಿಸಿದ ಕೆಲಸ ಬಂತು. ಒಳಗಿನ ತುಕ್ಕಿಗೆ ಹಳೆಯ ಮಂದಿ ಕಂಡುಕೊಂಡ ಔಷಧ ಅಗಸಿ ಎಣ್ಣೆ. ಕೊಳವೆಗೆ ಸಣ್ಣ ತೂತು ಕೊರೆದು ಬಿಸಿ ಎಣ್ಣೆ ಹಾಕಿ, ಹಂದರವನ್ನು ಮಗುಚಿ ಮಗುಚಿ ಒಳಗೆಲ್ಲ ಓಡಾಡಿಸಿ, ಉಳಿದದ್ದನ್ನು ಬಸಿದು, ತೂತು ಮುಚ್ಚುವುದು. ಈ ಎಣ್ಣೆ ಗಾಳಿ ತಾಗಿದರೆ ಗಟ್ಟಿ ಪೊರೆ ಕಟ್ಟುತ್ತದೆ, ಎಂಜಿನ್ ಆಯಿಲ್ ಹಾಗೆ ಹಸಿಯಾಗಿ ಉಳಿಯುವುದಿಲ್ಲ. "ನಾವು ರೊಟ್ಟಿಗೆ ಹಚ್ಚಿಕೊಳ್ಳೋ ಅಗಸಿ ಹಿಂಡಿ ವಿಮಾನಕ್ಕೂ ಬೇಕಾಯ್ತಾ?" ಎಂದು ಅವ್ವ ನಕ್ಕಳು. ಬೇಕಾದದ್ದು ಕಾಳಷ್ಟೇ ಅಲ್ಲ ಅಂದೆ. ಮೊದಲ ಮಹಾಯುದ್ಧದ ವಿಮಾನಗಳು ಹೊದ್ದಿದ್ದ ಲಿನನ್ ಬಟ್ಟೆಯೂ ಅಗಸಿಯ ನಾರಿನದೇ.

ಈಗ ಜಗಳ ಬಟ್ಟೆಯ ಮೇಲೆ ನಿಂತಿದೆ. ಗೆಳೆಯರು ಪಾಲಿಯೆಸ್ಟರ್ ಅನ್ನುತ್ತಾರೆ: ಇಸ್ತ್ರಿ ತಾಗಿಸಿದರೆ ತಾನೇ ಬಿಗಿಯುತ್ತದೆ, ಬಿಸಿಲಿಗೆ ಬೇಗ ಬಗ್ಗುವುದಿಲ್ಲ. ನಾನು ಹತ್ತಿ ಅನ್ನುತ್ತೇನೆ. ವಿಮಾನಕ್ಕೆ ಹೊದಿಸುವ ಗ್ರೇಡ್ ಎ ಹತ್ತಿಬಟ್ಟೆಯ ಒಂದಂಗುಲ ಅಗಲದ ಪಟ್ಟಿ, ಹೊಸದಿದ್ದಾಗ 80 ಪೌಂಡ್ ಎಳೆತ ತಡೆಯಬೇಕು. ಬಿಸಿಲು ತಿಂದು ತಿಂದು ಅದು 56ಕ್ಕೆ ಇಳಿದರೆ ಬಟ್ಟೆ ಬದಲಿಸಬೇಕು. ನೆರಳಲ್ಲಿ ನಿಲ್ಲುವ ಈ ವಿಮಾನಕ್ಕೆ ಯಾವ ಬಿಸಿಲು? ಅಪ್ಪನ ಮಿಲ್ಲು ಮುಚ್ಚಿ, ಅದರ ಹೆಸರು ಬಡಾವಣೆಗಷ್ಟೇ ಉಳಿದಿರುವ ಊರಿನಲ್ಲಿ ಒಂದು ಹಳೆಯ ವಿಮಾನವಾದರೂ ಹತ್ತಿ ಉಡಲಿ. ಗೆಳೆಯರು ಖರ್ಚಿನ ಲೆಕ್ಕ ತೋರಿಸುತ್ತಾರೆ, ನಾನು ಟ್ರಾಲಿಗಳ ಕೆಲಸಕ್ಕೆ ಎದ್ದು ಹೋಗುತ್ತೇನೆ.